ಗಾಡಿ ಅವಳದು, ಖಾತೆ ಅವನದು

ನನ್ನ ಕಸುಬು ಬೀಗದ್ದು. ಗಂಡ ಹೆಂಡತಿ ಬೇರೆಯಾದರೂ, ಬಾಡಿಗೆಯವರು ಬದಲಾದರೂ ಜನ ಬರುವುದು ನನ್ನ ಅಂಗಡಿಗೇ. ಮನೆ ಯಾರದ್ದೆಂದು ಕೇಳುತ್ತೇನೆ, ಕಾಗದ ನೋಡುತ್ತೇನೆ, ಹಳೆಯ ಬೀಗ ಬಿಚ್ಚಿ ಹೊಸದು ಕೂರಿಸುತ್ತೇನೆ. ಹಳೆಯ ಕೀಲಿ ಇಟ್ಟುಕೊಂಡವನ ಒಪ್ಪಿಗೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ತಂಗಿ ಗಂಡನನ್ನು ಬಿಟ್ಟು ಬಂದಾಗ ಅವಳ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ತಿರುಚಿದವನು ಆ ಪುಣ್ಯಾತ್ಮನೇ. ಊರವರ ಕೈಕಾಲು ನೆಟ್ಟಗೆ ಮಾಡುವ ಫಿಸಿಯೋಥೆರಪಿಸ್ಟ್ ಅವಳು. ಮಡಚುವ ಮಂಚ, ರಬ್ಬರ್ ಪಟ್ಟಿ, ಚೆಂಡು ಎಲ್ಲವನ್ನೂ ಕಾರಿನಲ್ಲಿ ಹಾಕಿಕೊಂಡು ರೋಗಿಗಳ ಮನೆಗೇ ಹೋಗುತ್ತಾಳೆ. ಕಾರಿಲ್ಲದಿದ್ದರೆ ಅವಳಿಗೆ ಅನ್ನವಿಲ್ಲ.

ನನ್ನ ಮನೆ ಅವನಿಗೆ ಗೊತ್ತಿದ್ದುದರಿಂದ ಅವಳು ಬೇರೆ ಬಡಾವಣೆಯಲ್ಲಿ ಮೇಲ್ಮಹಡಿಯ ಒಂದು ಕೋಣೆ ಹಿಡಿದಳು. ವಿಳಾಸ ನನಗೊಬ್ಬಳಿಗೇ ಗೊತ್ತು. ಬಾಗಿಲಿಗೆ ಎರಡು ಬೀಗ ಕೂರಿಸಿ, ಇನ್ನು ನಿಶ್ಚಿಂತೆಯಿಂದ ಮಲಗು ಎಂದು ಹೇಳಿ ಬಂದೆ. ವಾರ ಕಳೆಯುವುದರೊಳಗೆ ಅವನು ಎದುರಿನ ಫುಟ್‌ಪಾತಿನಲ್ಲಿ ನಿಂತು ಕೈ ಬೀಸುತ್ತಿದ್ದ. ರೋಗಿಯೊಬ್ಬರ ಮನೆಯ ಮುಂದೆಯೂ ನಿಂತ. ನಾನು ಮನೆ ಮಾಲೀಕರನ್ನು ಅನುಮಾನಿಸಿದೆ, ಪಕ್ಕದ ಕೋಣೆಯವಳನ್ನು ಅನುಮಾನಿಸಿದೆ, ಕೊನೆಗೆ ನನ್ನ ಬಾಯಿಯನ್ನೇ ಅನುಮಾನಿಸಿದೆ.

ಒಂದು ಬೆಳಿಗ್ಗೆ ತಂಗಿ ಫೋನ್ ಮಾಡಿದಳು. "ಅಕ್ಕಾ, ಗಾಡಿ ಲಾಕ್ ಆಗಿದೆ, ಒಳಗೆ ಯಾರೂ ಇಲ್ಲ, ಎಸಿ ಮಾತ್ರ ಓಡ್ತಿದೆ."

ಆಗ ಅರ್ಥವಾಯಿತು. ಕಾರು ಕೊಂಡ ದಿನ ಶೋರೂಮಿನವನು ಫೋನ್ ನಂಬರ್ ಕೇಳಿದಾಗ ಇವಳು ಗಂಡನ ಕಡೆ ಕೈ ತೋರಿಸಿದ್ದಳು. ನಮ್ಮ ಮನೆಯ ಹೆಂಗಸರಿಗೆ ಅದೊಂದು ಚಾಳಿ. ಯಾರು ನಂಬರ್ ಕೇಳಿದರೂ ಗಂಡನದ್ದೇ ಬಾಯಿಗೆ ಬರುತ್ತದೆ. ಹಾಗಾಗಿ ಕಾರಿನ ಆ್ಯಪಿನ ಖಾತೆ ಅವನ ನಂಬರಿನಲ್ಲೇ ತೆರೆದಿತ್ತು. ಅಂದಿನಿಂದ ಕಾರು ಎಲ್ಲಿ ನಿಂತಿತು, ಎಲ್ಲಿ ತಿರುಗಿತು ಎಂಬುದು ಅವನ ಫೋನಿಗೆ ಹೋಗುತ್ತಿತ್ತು, ಕೂತಲ್ಲಿಂದಲೇ ಎಸಿ ಹಾಕಲೂ ಆಗುತ್ತಿತ್ತು. ನನ್ನ ಎರಡು ಬೀಗ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆಯಾಯಿತು.

ಇಬ್ಬರೂ ಆ ಕಾರಿನಲ್ಲೇ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆವು. ಗಾಜಿನ ಕೋಣೆ, ಮೆತ್ತನೆಯ ಕುರ್ಚಿ, ಟೈ ಕಟ್ಟಿದ ಮ್ಯಾನೇಜರ್. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾದ ಮಾತು.

"ಗಾಡಿ ನಿಮ್ದೇ ಮೇಡಂ, ಅದ್ರಲ್ಲಿ ಎರಡು ಮಾತಿಲ್ಲ. ಖಾತೆ ಮಾತ್ರ ನಿಮ್ಮ ಯಜಮಾನ್ರದು."

"ಕಂತು ಕಟ್ಟಿದ್ದು ನಾನು," ಎಂದಳು ತಂಗಿ.

"ಸರಿ ಮೇಡಂ. ಆದ್ರೆ ಖಾತೆ ತೆಗೀಬೇಕಂದ್ರೆ ಖಾತೆದಾರರು ಒಪ್ಬೇಕು. ಅವರ ಗೋಪ್ಯತೆ ನಾವು ಕಾಪಾಡ್ಬೇಕಲ್ವಾ?"

ನನಗೆ ಮೈಯೆಲ್ಲ ಉರಿಯಿತು. "ಅವನ ಗೋಪ್ಯತೆನಾ? ಇವಳು ಯಾರ ಮನೆ ಮುಂದೆ ಎಷ್ಟು ಹೊತ್ತು ನಿಲ್ತಾಳೆ ಅನ್ನೋದು ಅವನಿಗೆ ಗೊತ್ತು. ಇವಳದ್ದೇನು ಬೀದಿ ನಲ್ಲಿನಾ, ಯಾರು ಬೇಕಾದ್ರೂ ತಿರುಗಿಸೋಕೆ? ಗಾಡಿಯಿಂದ ಅವನಿಗೆ ಸುದ್ದಿ ಕಳಿಸೋ ಆ ಯಂತ್ರಾನೇ ಕಿತ್ತು ಬಿಸಾಕಿ."

"ಕಿತ್ರೆ ಗಾಡಿ ಸ್ಟಾರ್ಟೇ ಆಗಲ್ಲ ಮೇಡಂ," ಎಂದ ಮ್ಯಾನೇಜರ್.

ದುಡ್ಡು ಕೊಟ್ಟವಳು ಕೋಡಂಗಿ. ಹಾಗೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ಕಂಪ್ಯೂಟರಿನಲ್ಲಿ ಏನೋ ಒತ್ತಿ ಮುಗುಳ್ನಕ್ಕ.

"ನಿಮಗೋಸ್ಕರ ನಾನೇ ಕೋರಿಕೆ ಕಳಿಸ್ದೆ ಮೇಡಂ. ಅವರಿಗೆ ಮೆಸೇಜ್ ಹೋಗಿದೆ. ಒಪ್ಪಿದೆ ಅಂತ ಒತ್ತಿದ್ರೆ ಮುಗೀತು."

ಅವನಿಗೆ ನಿಜವಾಗಿಯೂ ಸಹಾಯ ಮಾಡಿದ ಸಂತೋಷವಿತ್ತು. ಅದನ್ನು ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ.

ತಂಗಿಯ ಫೋನ್ ಬಡಿದುಕೊಂಡಿತು. ಎತ್ತಿದರೆ ಗಂಡ. ಅವನ ದನಿ ನನಗೂ ಕೇಳುವಷ್ಟು ಸ್ಪಷ್ಟವಾಗಿತ್ತು. "ನನ್ನ ಕೇಳಿದ್ರೆ ನಾನೇ ಬರ್ತಿರ್ಲಿಲ್ವಾ? ಅಲ್ಲೇ ಇರು. ಹತ್ರದಲ್ಲೇ ಇದೀನಿ."

ತಂಗಿ ಫೋನನ್ನು ಪೂರ್ತಿ ಆರಿಸಿದಳು. ಎದ್ದು ಹೋಗಿ ಡಿಕ್ಕಿಯಿಂದ ಮಂಚವನ್ನು ಇಳಿಸಿದಳು, ರಬ್ಬರ್ ಪಟ್ಟಿಗಳನ್ನು ನನ್ನ ಚೀಲಕ್ಕೆ ತುರುಕಿದಳು, ಕೀಲಿಯನ್ನು ಮ್ಯಾನೇಜರನ ಮೇಜಿನ ಮೇಲಿಟ್ಟಳು.

"ಗಾಡಿ ಇಲ್ಲೇ ಇರ್ಲಿ. ನನ್ದು ಅಂತ ಆದ ದಿನ ತಿಳಿಸಿ."

"ಯಾವ ವಿಳಾಸಕ್ಕೆ ಮೇಡಂ?"

ಅವಳು ಆಗಲೇ ಮಂಚ ಎತ್ತಿಕೊಂಡು ಹಿಂಬದಿಗೆ ನಡೆದಿದ್ದಳು.

ಕಾರು ತೊಳೆಯುವ ಶೆಡ್ಡಿನ ಹಿಂದೆ ಇನ್ನೊಂದು ಗೇಟಿತ್ತು. ಸೋಪಿನ ನೀರು ತುಳಿದುಕೊಂಡು ಆಚೆ ಹೋಗಿ, ಮೊದಲು ಬಂದ ಬಸ್ಸನ್ನು ಹತ್ತಿದೆವು. ಆ ಬಸ್ಸು ಎಲ್ಲಿಗೆ ಹೋಗುತ್ತದೆಂದೂ ನೋಡಲಿಲ್ಲ. ಮಂಚವನ್ನು ಇಬ್ಬರ ಕಾಲ ನಡುವೆ ನಿಲ್ಲಿಸಿಕೊಂಡು ಕೂತೆವು.

"ಕೋಣೆಗೆ ಹೋಗೋದು ಬೇಡ, ನನ್ನ ಮನೆಗೆ ಬಾ," ಎಂದೆ.

"ನಿನ್ನ ಮನೆ ಅವನಿಗೆ ಗೊತ್ತಲ್ಲಕ್ಕಾ."

"ಮತ್ತೆಲ್ಲಿಗೆ ಹೋಗ್ತೀಯ?"

ಅವಳು ನನ್ನ ಚೀಲದಿಂದ ತನ್ನ ಪಟ್ಟಿಗಳನ್ನು ಒಂದೊಂದಾಗಿ ತೆಗೆದುಕೊಂಡಳು. "ಹೇಳಿದ್ರೆ ಅವನು ನಿನ್ನ ಹತ್ರ ಬಂದು ಕೇಳ್ತಾನೆ. ನೀನು ಮುಖದಲ್ಲೇ ಸಿಕ್ಕಿಬೀಳ್ತೀಯ."

ಅದು ನಿಜ. ಚಿಕ್ಕಂದಿನಿಂದಲೂ ನನಗೆ ಸುಳ್ಳು ಹೇಳಲು ಬರುವುದಿಲ್ಲ. ದುಃಖ ಒತ್ತರಿಸಿ ಬಂತು, ಆದರೆ ವಾದ ಮಾಡಲಿಲ್ಲ. ಅವಳು ಎದ್ದು, ಮಂಚವನ್ನು ಸರಿಯಿದ್ದ ಕೈಗೆ ತೆಗೆದುಕೊಂಡು ಬಾಗಿಲ ಕಡೆ ನಡೆದಳು. ಬಸ್ಸು ನಿಂತಿತು. ಅವಳು ಇಳಿದು ಎಡಕ್ಕೆ ಹೋದಳೋ ಬಲಕ್ಕೆ ಹೋದಳೋ ಕಾಣಬಾರದೆಂದು ಬಸ್ಸು ಮತ್ತೆ ಹೊರಡುವವರೆಗೂ ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ.