ಸೊಲ್‌ಗೊಲ್ ಕಣಿವೆಯ ಹೊಗೆ

ಜಪಾನಿನ ಪಡೆ ತುಮೆನ್ ನದಿ ದಾಟಿತೆಂಬ ಸುದ್ದಿ ಬಂದ ಬೆಳಿಗ್ಗೆಯೇ ಸೊಲ್‌ಗೊಲ್ ಹಳ್ಳಿ ಖಾಲಿಯಾಯಿತು. ಕೊರಿಯಾ ಜಪಾನಿನ ಪಾಲಾಗಿ ಹತ್ತು ವರ್ಷ. ಅಲ್ಲಿ ನೆಲ ಕಳೆದುಕೊಂಡು, ನದಿಯ ಈಚೆ ಮಂಚೂರಿಯಾದಲ್ಲಿ ನೆಲೆಸಿದವರೇ ಇಲ್ಲಿ ಎಲ್ಲರೂ. ಊರವರು ಮಕ್ಕಳುಮರಿಯೊಂದಿಗೆ ಗುಡ್ಡದಾಚೆ ಹೋದರು. ಕೊರಿಯಾದ ಸ್ವಾತಂತ್ರ್ಯ ಪಡೆಯ ಇನ್ನೂರು ಬಂದೂಕುಗಾರರು ಮೂರು ಕಡೆಯ ಗುಡ್ಡಗಳಲ್ಲಿ ಅವಿತರು.

ಬೇಟೆಗಾರನ ವಿಧವೆ ಓಕ್‌ಬುನ್ ಮಾತ್ರ ದಳಪತಿ ಮಾ ಥೇಸಿಕ್‌ನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಒಂದು ಮನೇಲೂ ಹೊಗೆ ಇಲ್ಲ. ಇದನ್ನ ನೋಡಿದ ಮೇಲೂ ಅವರು ಒಳಗೆ ಬರ್ತಾರೇನಪ್ಪಾ? ಅಷ್ಟು ದಡ್ಡರಾ?"

ಥೇಸಿಕ್ ಕಣಿವೆಯತ್ತ ನೋಡಿ ತಲೆ ಕೆರೆದುಕೊಂಡ. "ಒಲೆ ಹಚ್ಚೋಕೆ ಯಾರನ್ನಾದ್ರೂ ಕಳಿಸ್ತೀನಮ್ಮ."

"ನಾನಿಲ್ವಾ? ನಿನ್ನ ಹುಡುಗರು ಒಲೆ ಹಚ್ಚೋದು ಕಂಡಿದ್ದೀನಿ, ಊರೇ ಸುಟ್ಟಾರು!"

"ನಿಮಗೇನಾದ್ರೂ ಆದ್ರೆ?"

"ದೇಶ ಪೂರ್ತಿ ಕೈತಪ್ಪೋ ಮೊದಲೇ ಇವರು ಕಾನೂನು ಅಂತ ಹೇಳಿ ನನ್ನ ಗಂಡನ ಬಂದೂಕು ಕೇಳಿದ್ರು. ಕೊಡಲ್ಲ ಅಂದಿದ್ದಕ್ಕೆ ಜೈಲಲ್ಲೇ ಹೊಡೆದು ಸಾಯಿಸಿದ್ರು. ಹದಿಮೂರು ವರ್ಷ ಸುಮ್ನೆ ಕೂತಿದ್ದೀನಿ. ಇನ್ನೂ ಕೂರು ಅಂತೀಯಾ?"

ಥೇಸಿಕ್ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಓಕ್‌ಬುನ್ ಮನೆಯಿಂದ ಮನೆಗೆ ಹೋಗಿ ಹಸಿ ಪೈನ್ ಸೊಪ್ಪು ತುರುಕಿ ಒಲೆ ಹಚ್ಚಿದಳು. ಹದಿನಾಲ್ಕನೆಯ ಮನೆಯಲ್ಲಿ ಊದುತ್ತಿದ್ದಾಗ ಬೂಟುಗಳ ಸದ್ದು ಕೇಳಿಸಿತು. ಆದರೂ ಊದುವುದನ್ನು ಬಿಡಲಿಲ್ಲ. ಕಿಡಿ ಹೊತ್ತಿದ ಮೇಲೆಯೇ ಹಿತ್ತಿಲಿನಿಂದ ಜಾರಿ, ಹಳ್ಳದ ಪೊದೆಯಲ್ಲಿ ಮಲಗಿದಳು.

ಹೊಗೆ ಕಂಡು ಊರಲ್ಲಿ ಜನರಿದ್ದಾರೆಂದುಕೊಂಡ ಸಿಪಾಯಿಗಳು ನೆಟ್ಟಗೆ ಕಣಿವೆಯ ನಡುವಿಗೇ ನುಗ್ಗಿದರು. ಕೊನೆಯವನೂ ಒಳಬಂದ ಮೇಲೆ ಮೂರೂ ಗುಡ್ಡಗಳು ಒಮ್ಮೆಲೇ ಗುಂಡು ಕಾರಿದವು. ಮಧ್ಯಾಹ್ನದ ಹೊತ್ತಿಗೆ ಉಳಿದವರು ಗಾಯಾಳುಗಳನ್ನು ಎಳೆದುಕೊಂಡು ನದಿಯ ಕಡೆ ಓಡುತ್ತಿದ್ದರು. ಅವರ ಬೆನ್ನನ್ನು ಓಕ್‌ಬುನ್ ನೋಡಿದ್ದು ಅದೇ ಮೊದಲು. ಎದ್ದು ನಿಂತು, ಕಣ್ಣಿಗೆ ಮರೆಯಾಗುವವರೆಗೂ ನೋಡಿದಳು.

"ಸಣ್ಣ ಕಾಳಗ ಅಮ್ಮ," ಎಂದ ಥೇಸಿಕ್. "ದೊಡ್ಡ ಪಡೆ ತಗೊಂಡು ಮತ್ತೆ ಬರ್ತಾರೆ."

"ಬರಲಿ. ಇವರೂ ಓಡ್ತಾರೆ ಅಂತ ಇವತ್ತು ಗೊತ್ತಾಯ್ತಲ್ಲ, ಅದೇನು ಸಣ್ಣದಾ?"

ಸುದ್ದಿ ಓಡಿದ ಸಿಪಾಯಿಗಳಿಗಿಂತ ಮೊದಲೇ ನದಿ ದಾಟಿತ್ತು. ವಾರದೊಳಗೆ ಆಚೆ ದಡದಿಂದ ಅರವತ್ತು ಮಂದಿ ಪಡೆ ಸೇರಲು ಬಂದರು. ಅರ್ಧದಷ್ಟು ಜನ ಬರಿಗಾಲಲ್ಲಿದ್ದರು. ಓಕ್‌ಬುನ್ ಅವರನ್ನು ಸಾಲಾಗಿ ಕೂರಿಸಿ, ಹುಲ್ಲಿನ ಚಪ್ಪಲಿ ಹೆಣೆಯಲು ಒಬ್ಬೊಬ್ಬರ ಪಾದದ ಅಳತೆ ತೆಗೆಯತೊಡಗಿದಳು.