ಖಾಲಿ ನಿವೇಶನ

"ಟ್ಯಾಕ್ಸ್ ಕಮ್ಮಿ ಮಾಡಿ ಅಂತ ಕಾಲಿಗ್ ಬೀಳೋರ್ನ ದಿನಾ ನೋಡ್ತೀನಿ. ಹಾಕಿ ಸಾರ್, ಜಾಸ್ತಿ ಹಾಕಿ ಅಂತ ಬಂದಿರೋ ಮುಂಡೇನ ಇವತ್ತೇ ಕಣ್ರೀ ನೋಡ್ತಿರೋದು!"

ಬಿಲ್ ಕಲೆಕ್ಟರ್ ರಾಜೇಂದ್ರ ಈ ಮಾತನ್ನು ಅಶ್ವತ್ಥಮ್ಮನಿಗೆ ಹೇಳಲಿಲ್ಲ. ಹುಣಸೇಕುಂಟೆ ಪಂಚಾಯ್ತಿ ಆಫೀಸಿನಲ್ಲಿ ಕೂತಿದ್ದವರಿಗೆಲ್ಲ ಹೇಳಿದ. ಕೂತಿದ್ದವರು ನಕ್ಕರು. ಪಿ.ಜಿ. ಕಟ್ಟಡದ ಲೈಸೆನ್ಸಿಗೆ ಬಂದಿದ್ದ ಒಬ್ಬನಂತೂ ಫೋನಿನಿಂದ ತಲೆಯೆತ್ತಿ, ಯಾಕೆ ಅಂತ ಗೊತ್ತಿಲ್ಲದಿದ್ದರೂ ನಕ್ಕ. ಅಶ್ವತ್ಥಮ್ಮ ಕಂಪನಿಯ ನೀಲಿ ಹೌಸ್‌ಕೀಪಿಂಗ್ ಯೂನಿಫಾರ್ಮಿನಲ್ಲೇ ಬಾಗಿಲ ಪಕ್ಕ ನಿಂತಿದ್ದಳು. ಅವಳಿಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತಲ್ಲ ಅನಿಸಿತು, ಅಷ್ಟೆ. ಬೈಸಿಕೊಂಡು ಬೈಸಿಕೊಂಡು ಮನಸ್ಸಿಗೂ ಅಂಗೈಯಂತೆಯೇ ಜಡ್ಡು ಕಟ್ಟಿತ್ತು.

"ಜಾಸ್ತಿ ಕೇಳಾಕ್ ಬಂದಿಲ್ಲ ಸಾರ್. ಮನೆ ಟ್ಯಾಕ್ಸ್ ಆಕಿ ಅಂತ ಕೇಳಾಕ್ ಬಂದಿವ್ನಿ. ನೀವು ಖಾಲಿ ಸೈಟು ಅಂತ ಬರ್ದಿದ್ದೀರ. ಅಲ್ಲಿ ಮನೆ ಐತೆ."

"ಮನೆಯಂತೆ ಮನೆ! ನಾಕು ಶೀಟ್ ಹೊದಿಸ್ಬಿಟ್ರೆ ಮನೆ ಆಗೋಯ್ತಾ? ಹೋಗೋಗು, ಡ್ಯೂಟಿಗೆ ಲೇಟ್ ಆಯ್ತದೆ. ಕಕ್ಕಸ್ ತೊಳೆಯೋರಿಲ್ದೆ ಕಂಪ್ನಿ ಮುಚ್ಚೋದಾತು."

ಮತ್ತೆ ನಗು.

ಪಂಚಾಯ್ತಿಯ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿದ ಮೇಲೆ ಬಂದ ಮೊದಲನೇ ಟ್ಯಾಕ್ಸ್ ಚೀಟಿ ಅವಳ ಕೈಯಲ್ಲಿತ್ತು. ನಿವೇಶನ ಉಂಟು, ಕಟ್ಟಡ ಇಲ್ಲ ಎಂದಿತ್ತು. ಕಟ್ಟಬೇಕಾದ ದುಡ್ಡೂ ಕಡಿಮೆಯಾಗಿತ್ತು. ಮೊದಲು ಗಂಡ ಹೆಂಡತಿ ಇಬ್ಬರಿಗೂ ಖುಷಿಯೇ ಆಯಿತು. "ಗೌರ್ಮೆಂಟ್ನೋರ್ಗೂ ಒಂದೊಂದ್ಸಲ ಬುದ್ಧಿ ಬತ್ತದೆ ಕಣಮ್ಮಿ" ಎಂದಿದ್ದ ಲಕ್ಷ್ಮಣಪ್ಪ, ಮಲಗಿದ್ದಲ್ಲಿಂದಲೇ. ಅಪಾರ್ಟ್‌ಮೆಂಟಿನ ಗಾರೆ ಕೆಲಸದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವನ ಮಾತೆಲ್ಲ ಮಲಗಿದ್ದಲ್ಲಿಂದಲೇ.

ಆ ಖುಷಿ ಬಹಳ ದಿನ ಬಾಳಲಿಲ್ಲ. ಅವರ ಬಚ್ಚಲಿನ ಗೋಡೆಗೆ ಒತ್ತಿಕೊಂಡಂತೆ ಸುಣ್ಣ ಬಳಿದ ಕಲ್ಲುಗಳು ಬಂದು ನಿಂತವು. ಕಾಲೋನಿಯ ಹಿಂದಿನ ವೆಂಕಟೇಶಪ್ಪನ ರಾಗಿ ಹೊಲ ಲೇಔಟ್ ಆಗುತ್ತಿತ್ತು. ಲೇಔಟಿಗೆ ರಸ್ತೆ ಬೇಕು. ಮೇನ್ ರೋಡಿಗೆ ನೆಟ್ಟಗೆ ಗೆರೆ ಎಳೆದರೆ ಅದು ಅಶ್ವತ್ಥಮ್ಮನ ಒಲೆಯ ಮೇಲೇ ಹಾದು ಹೋಗುತ್ತದೆ. ಅವಳ ಅತ್ತೆಗೆ ಸರ್ಕಾರ ಕೊಟ್ಟ ಸೈಟು ಅದು. ಮನೆ ಕಟ್ಟದೆ ಖಾಲಿ ಬಿಟ್ಟರೆ ಪಂಚಾಯ್ತಿಗೆ ವಾಪಸ್ಸು ಎಂದು ಹಕ್ಕುಪತ್ರದಲ್ಲೇ ಬರೆದಿತ್ತು. ಏಳನೇ ಕ್ಲಾಸು ಓದಿದ್ದ ಅಶ್ವತ್ಥಮ್ಮ ಚೀಟಿಯನ್ನೂ ಹಕ್ಕುಪತ್ರವನ್ನೂ ಜೊತೆಗಿಟ್ಟುಕೊಂಡು ಓದಿದಳು. ಖಾಲಿಯಾದರೆ ಸೈಟು ಪಂಚಾಯ್ತಿಗೆ, ಪಂಚಾಯ್ತಿಯಿಂದ ಲೇಔಟಿನ ರಸ್ತೆಗೆ. ಮನೆ ಕೆಡವುವ ಕಷ್ಟವೂ ವೆಂಕಟೇಶಪ್ಪನಿಗೆ ಇರಲಿಲ್ಲ. ಇಲ್ಲದ ಮನೆಯನ್ನು ಯಾರಾದರೂ ಕೆಡವುತ್ತಾರೆಯೇ?

ಗಲಾಟೆ ಕೇಳಿ ಪಿ.ಡಿ.ಓ. ಪದ್ಮಾವತಿ ಮೇಡಂ ತಮ್ಮ ರೂಮಿನಿಂದ ಹೊರಗೆ ಬಂದರು. ಬೈಯುವ ಹೆಂಗಸಲ್ಲ. ಯಾರ ಮುಖವನ್ನೂ ನೋಡಿ ಮಾತಾಡುವ ಹೆಂಗಸೂ ಅಲ್ಲ. ಅಶ್ವತ್ಥಮ್ಮ ತಂದಿದ್ದ ಅರ್ಜಿಯ ಮೇಲೆ ಕಣ್ಣಾಡಿಸಿದರು.

"ಚೀಟಿ ಬಂದ ತಿಂಗಳೊಳಗೇ ತಕರಾರು ಕೊಟ್ಟಿದ್ದಾರಲ್ರೀ, ಇಲ್ಲ ಅನ್ನೋಕಾಗಲ್ಲ. ರಾಜೇಂದ್ರ, ನೀವೇ ಹೋಗಿ ಸ್ಥಳ ನೋಡಿ, ಒಳಗಡೆ ಹೊರಗಡೆ ಅಳತೆ ತಗೊಂಡು ರಿಪೋರ್ಟ್ ಹಾಕಿ. ಆ ರಿಪೋರ್ಟೇ ಫೈನಲ್ ಕಣಮ್ಮ. ಆಮೇಲೆ ಮತ್ತೆ ಮತ್ತೆ ಬರ್ಬೇಡ."

"ಮೇಡಂ, ಓದ್ಸಲ ಸಾರು ಮೋರಿ ತಾವ್ಲೇ ನಿಂತ್ಕಂಡು ಬರ್ಕೊಂಡೋದ್ರು. ಕಾಲೋನಿ ಒಳೀಕೇ ಬರ್ನಿಲ್ಲ."

"ಯಾವಳೇ ನೀನು ನನ್ ಡ್ಯೂಟಿ ಹೇಳ್ಕೊಡೋಕೆ!"

"ಅದೆಲ್ಲ ಈಗ್ಯಾಕೆ" ಎಂದು ಮೇಡಂ ಒಳಗೆ ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಅವಳು ಹೇಳಿದ್ದು ಸುಳ್ಳೇನಲ್ಲ. ಕಾಲೋನಿಯ ಬಾಯಲ್ಲಿ ಒಂದು ಮೋರಿ ಇದೆ. ರಾಜೇಂದ್ರನ ಸರ್ಕಾರಿ ಕೆಲಸದ ಎಲ್ಲೆ ಅದು. ಅವನು ಬೈಕಿನಿಂದ ಇಳಿಯುವುದಿಲ್ಲ. ಒಂದು ಕಾಲನ್ನು ಮೋರಿ ಕಟ್ಟೆಯ ಮೇಲೆ ಊರಿ, ಹೆಸರು ಕೂಗುತ್ತಾನೆ. ಜನ ಬಂದು ದುಡ್ಡು ಕೊಟ್ಟು ರಸೀದಿ ತಗೊಂಡು ಹೋಗಬೇಕು. ಕಂಪ್ಯೂಟರಿಗೆ ಮನೆ ಬರೆದುಕೊಳ್ಳಲು ಬಂದಾಗಲೂ ಹಾಗೇ ನಿಂತ. ಅಲ್ಲಿಂದ ಅವನ ಕಣ್ಣಿಗೆ ಬಿದ್ದದ್ದೆಲ್ಲ ಮನೆಯಾಯಿತು. ನೀರಿನ ಟ್ಯಾಂಕಿನ ಹಿಂದೆ ಕಾಣದೆ ಹೋದದ್ದು ಖಾಲಿ ನಿವೇಶನವಾಯಿತು. ಕೊಂಚ ದೂರ ನಡೆದು ಬಂದು ನೋಡಿದ್ದರೆ ಆಗುತ್ತಿತ್ತು. ಯಾಕೆ ಬರಲಿಲ್ಲ ಅಂತ ಕಾಲೋನಿಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಅದೇನು ಕೇಳಿ ತಿಳಿದುಕೊಳ್ಳುವ ವಿಷಯವೇ?

ಅರ್ಜಿಯ ಸುದ್ದಿ ಅವಳಿಗಿಂತ ಮುಂಚೆ ಊರು ಸೇರಿತ್ತು. ಭಾನುವಾರ ವೆಂಕಟೇಶಪ್ಪ ಹೇಳಿ ಕಳಿಸಿದ. ಮೂರಂತಸ್ತಿನ ಹೊಸ ಮನೆ, ಮುಂದೆ ಕಾರು ನಿಲ್ಲಿಸುವ ಜಾಗ.

"ಬಾರಮ್ಮ ಅಶ್ವತ್ಥಮ್ಮ. ಅಲ್ಲೇ ಮೆಟ್ಲು ಮ್ಯಾಲ್ ಕೂತ್ಕೋ. ಕಾಫಿ ಕುಡೀತೀಯ?"

ಕಾಫಿ ಬಂತು. ಅವನಿಗೆ ಸ್ಟೀಲಿನ ಲೋಟ, ಅವಳಿಗೆ ಪೇಪರ್ ಕಪ್ಪು.

"ಈಗೆಲ್ಲೈತೆ ಕಣಮ್ಮ ಜಾತಿಗೀತಿ. ನಿಮ್ ಮಾವನ ಕಾಲ್ದಾಗೆ ತೆಂಗಿನ್ ಚಿಪ್ಪು ಬ್ಯಾರೆ ಇಡೋರು, ಪಾಪ. ನಾನು ಬಂದ್ಮ್ಯಾಲೆ ಅದೆಲ್ಲಾ ತೆಗ್ಸಾಕ್ಬುಟ್ಟೆ."

"ಊ ಸಾಮಿ."

"ನಿನ್ ಗಂಡ ಎದ್ದು ಓಡಾಡೋ ಅಂಗಿಲ್ಲ. ಆನೇಕಲ್ ತಾವ ನಮ್ದೇ ಒಂದ್ ರೂಮೈತೆ, ಅಲ್ಲಿ ಓಗಿ ಇದ್ಬುಡಿ. ಬಾಡ್ಗೆ ಮಾತು ಆಮೇಲ್ ನೋಡ್ಕೊಳಾಣ. ನಾಳೆ ಓಗಿ ಅರ್ಜಿ ವಾಪಸ್ ತಗೊಂಡ್ಬುಡು."

"ತಗಳಾಕಿಲ್ಲ ಸಾಮಿ."

ವೆಂಕಟೇಶಪ್ಪ ಲೋಟ ಕೆಳಗಿಟ್ಟ. ದನಿ ಮಾತ್ರ ಏರಲಿಲ್ಲ. "ಬಡವನ ಕೋಪ ದವಡೆಗೆ ಮೂಲ ಅಂತ ಕೇಳಿಲ್ವೇನಮ್ಮ?"

"ನಂಗೇನ್ ಕೋಪ ಇಲ್ಲ ಸಾಮಿ."

ಅದು ನಿಜವಾಗಿತ್ತು. ಅವಳು ಎದ್ದಳು. ಕಪ್ಪನ್ನು ಕಾರಿನ ಪಕ್ಕದ ಕಸದ ಬುಟ್ಟಿಗೆ ಹಾಕಲು ಹೋದಾಗ ಒಳಗಿಂದ ಹೆಂಗಸಿನ ದನಿ ಬಂತು: "ಏ, ಅಲ್ಲಾಕ್ಬ್ಯಾಡ, ನೀನೇ ತಗೊಂಡೋಗು." ಅಶ್ವತ್ಥಮ್ಮ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಕಾಲೋನಿಯವರೆಗೆ ನಡೆದು ಬಂದಳು. ಎಲಿವೇಟೆಡ್ ರೋಡಿನ ಆಚೆಯ ಆ ಕಂಪನಿಯಲ್ಲಿ ಅವಳು ಕುತ್ತಿಗೆಗೆ ಕಾರ್ಡು ಹಾಕಿಕೊಂಡು ಎಂ.ಡಿ. ರೂಮಿನೊಳಕ್ಕೂ ಹೋಗಿ ಬರುತ್ತಾಳೆ. ಬಾಳುವ ಊರಿನಲ್ಲಿ ಮಾತ್ರ ಅವಳಿಗೆ ಮೆಟ್ಟಿಲೇ ಕೊನೆ.

ರಾಜೇಂದ್ರ ಬರುವ ದಿನ ಅವಳು ರಜೆ ಹಾಕಿದಳು. ಸೂಪರ್‌ವೈಸರ್ ಒಂದು ದಿನದ ಸಂಬಳ ಕತ್ತರಿಸುತ್ತೇನೆ ಎಂದ. ಕತ್ತರಿಸಲಿ ಎಂದುಕೊಂಡಳು. ನೆಲ ಸಾರಿಸಿ, ಗಂಡನ ಹಾಸಿಗೆಯ ಮೇಲಿನ ಬೆಡ್‌ಶೀಟ್ ಬದಲಿಸಿ, ಮುದ್ದೆ ತಿರುವಿ ಮುಚ್ಚಿಟ್ಟಳು. ಸೂರ್ಯ ನೆತ್ತಿಗೆ ಬಂದ ಮೇಲೆ ಬೈಕಿನ ಸದ್ದಾಯಿತು.

ಮೇಡಂ ಹೇಳಿದ್ದರಿಂದ ಈ ಸಲ ಅವನು ಮೋರಿ ದಾಟಿದ. ಟ್ಯಾಂಕನ್ನೂ ದಾಟಿದ. ಹೊಳೆಯುವ ಕರಿ ಶೂ, ಕೈಯಲ್ಲಿ ಅಳತೆ ಟೇಪು. ಪಕ್ಕದ ಮನೆಯ ಅನುಸೂಯಮ್ಮನೂ ಇನ್ನೂ ನಾಲ್ಕಾರು ಜನರೂ ಬಂದು ನಿಂತರು. ಕಾಲೋನಿಯೊಳಕ್ಕೆ ಬಿಲ್ ಕಲೆಕ್ಟರ್ ಬಂದದ್ದೇ ಅವರಿಗೆ ಒಂದು ತಮಾಷೆ. ಅವನು ಟೇಪಿನ ತುದಿಯನ್ನು ಅವಳತ್ತ ಎಸೆದ. ಅವಳು ಹಿಡಿದುಕೊಂಡು ಮನೆಯ ಸುತ್ತ ಓಡಾಡಿದಳು. ಹೊರಗಿನ ಅಳತೆ ಮುಗಿಯಿತು.

"ಒಳೀಕೆ ಬನ್ನಿ ಸಾರ್."

"ಬೇಡ ಬಿಡು. ಶೂ ಬಿಚ್ಚಕ್ ಆಗಲ್ಲ."

"ಆಕ್ಕೊಂಡೇ ಬನ್ನಿ. ಆಮ್ಯಾಕ್ ಒರುಸ್ಕತೀನಿ. ದಿನಾ ಅದೇ ಕೆಲ್ಸ ನಂದು."

"ಬಾಗ್ಲು ಗಿಡ್ಡ ಐತೆ. ನಂಗೆ ಬೆನ್ನು ನೋವು, ಬಗ್ಗಬಾರ್ದು ಅಂದವ್ರೆ ಡಾಕ್ಟ್ರು."

ಆಗ ಖಾಲಿ ನಿವೇಶನ ಕೆಮ್ಮಿತು.

"ಯಾರೇ ಅದು?"

"ನನ್ ಗಂಡ ಸಾರ್."

"ಬನ್ನಿ ಸಾರ್, ಬನ್ನಿ" ಎಂದ ಲಕ್ಷ್ಮಣಪ್ಪ ಒಳಗಿನಿಂದ. "ಖಾಲಿ ಸೈಟ್ನಾಗೆ ಚಾಪೆ ಆಸೈತೆ."

ಅನುಸೂಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಾಜೇಂದ್ರ ಮುಖ ಗಂಟು ಹಾಕಿಕೊಂಡು ಫೋನಿನಲ್ಲಿ ಏನೋ ಒತ್ತತೊಡಗಿದ.

"ಏನಂತ ಬರೀತಿದ್ದೀರ ಸಾರ್?"

"ಶೆಡ್ಡು."

"ಶೆಡ್ಡು ಅಂದ್ರೆ?"

"ದನ ಗಿನ ಕಟ್ಟೋದು. ಅದಕ್ಕೆ ಟ್ಯಾಕ್ಸೇ ಇಲ್ಲ, ಖುಷಿ ಪಡು ಹೋಗು."

"ದನ್ವೇನೋ ನಾವು, ನಿನ್ ಬಾಯಿಗ್ ಮಣ್ಣಾಕ!" ಅನುಸೂಯಮ್ಮ ಮುಂದೆ ಬಂದಳು. "ಮನ್ಷಾ ಮಲ್ಗಿರೋದು ಕಾಣಾಕಿಲ್ವ ನಿನ್ ಕಣ್ಗೆ?"

"ಏ ಮುಚ್ಚೇ ಬಾಯ್ನ, ಬೋಸುಡಿ! ಗೌರ್ಮೆಂಟ್ ಕೆಲ್ಸಕ್ ಅಡ್ಡ ಬಂದ್ರೆ ಒದ್ದು ಒಳಗ್ ಹಾಕಿಸ್ತೀನಿ!"

ದನ ಕಟ್ಟೋದು ಎನ್ನುವ ಮಾತು ಅಶ್ವತ್ಥಮ್ಮನ ಕಿವಿಯೊಳಗೆ ಹೋಗಿ ಕೂತಿತು. ನೋಯಲಿಲ್ಲ. ಈ ರಿಪೋರ್ಟೇ ಫೈನಲ್ ಎಂದು ಮೇಡಂ ಅಂದದ್ದು ನೆನಪಾಯಿತು. ನಾಳೆಯೋ ನಾಡಿದ್ದೋ ಜೆ.ಸಿ.ಬಿ. ಬಂದರೆ ಗಂಡನನ್ನು ಎತ್ತಿಕೊಂಡು ಹೊರಗೆ ಬರುವುದಕ್ಕೆ ಎಷ್ಟು ಜನ ಬೇಕಾದೀತು ಎಂದು ಯೋಚಿಸಿದಳು. ಅಷ್ಟೇ ಅವಳಿಗೆ ಹೊಳೆದದ್ದು.

ಆದರೆ ಫೋನಿನಲ್ಲಿ ರಿಪೋರ್ಟು ಮುಂದಕ್ಕೆ ಹೋಗಲೊಲ್ಲದು. ರಾಜೇಂದ್ರ ಒತ್ತಿದ, ಮತ್ತೆ ಒತ್ತಿದ. "ಥೂ, ಇವರಮ್ಮನ್! ಒಳಗಿನ್ ಫೋಟೋ ಬೇಕಂತೆ ಇದಕ್ಕೆ." ಬಾಗಿಲಿನಿಂದಲೇ ಹಿಡಿದು ನೋಡಿದ. ಬರೀ ಕತ್ತಲು ಬಂತು. ಒಂದು ಹೆಜ್ಜೆ ಮುಂದಿಟ್ಟವನು ಹೊಸ್ತಿಲನ್ನು ನೋಡಿ ಹಿಂದೆ ಸರಿದ. ಆಮೇಲೆ ಕೈ ಚಾಚಿ ಫೋನನ್ನು ಅವಳ ಅಂಗೈಗೆ ಮೇಲಿನಿಂದ ಉದುರಿಸಿದ. ಬೆರಳಿಗೆ ಬೆರಳು ತಾಕದ ಹಾಗೆ ಕೊಡುವುದು ಅಪ್ಪಂದಿರಿಂದ ಬಂದ ವಿದ್ಯೆ, ಅಷ್ಟು ಬೇಗ ಮರೆತು ಹೋಗುವುದಿಲ್ಲ.

"ಹೋಗು, ನೀನೇ ಎರಡು ಫೋಟೋ ಹೊಡ್ಕೊಂಡು ಬಾ. ಇಲ್ಲಿ ಒತ್ತಿದ್ರೆ ಆಯ್ತು."

ಅವಳು ಬಗ್ಗಿ ಒಳಗೆ ಹೋದಳು. ದೀಪ ಹಾಕಿ ಫೋನು ಎತ್ತಿದಳು. ಅದರಲ್ಲಿ ಅವಳ ಮನೆ ಬಂತು. ಹಾಸಿಗೆ, ಗಂಡ, ಒಲೆ, ಮುದ್ದೆಯ ಪಾತ್ರೆ, ಮೊಳೆಗೆ ನೇತು ಹಾಕಿದ ಬ್ಯಾಗು, ಎಲ್ಲ ಇದ್ದವು. ಒತ್ತಿದಳು. ಇನ್ನೊಂದು ಸಲ ಒತ್ತಿದಳು. ಹೊರಗೆ ಹೋಗಲು ತಿರುಗಿದವಳ ಕಾಲು ಯಾಕೋ ಏಳಲಿಲ್ಲ. ಫೋನನ್ನು ಅಕ್ಕಿ ಡಬ್ಬಿಯ ಮೇಲಿಟ್ಟು, ಕೈ ತೊಳೆದು, ಗಂಡನಿಗೊಂದು ತನಗೊಂದು ತಟ್ಟೆ ಹಾಕಿದಳು.

"ಆಯ್ತೇನೇ?"

"ಆಯ್ತು ಸಾರ್."

"ತಾ ಮತ್ತೆ."

"ಇಲ್ಲೈತೆ ಸಾರ್. ಒಳೀಕ್ ಬಂದು ತಗಳ್ಳಿ."

ಹೊರಗೆ ನಿಂತವರು ಬಾಗಿಲಿಗೆ ಇನ್ನಷ್ಟು ಹತ್ತಿರ ಬಂದರು.

"ಏನಂದೆ? ಲೇ ಸೂಳೇಮುಂಡೆ, ತಮಾಷೆ ಮಾಡ್ತೀಯ? ಈಚೆ ತಾರೆ ಫೋನ್ನ!"

ಅವಳು ಗಂಡನ ತಲೆಯ ಕೆಳಗೆ ದಿಂಬು ಎತ್ತರಿಸಿ, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ಕೊಟ್ಟಳು. ಲಕ್ಷ್ಮಣಪ್ಪ ಅವಳ ಮುಖವನ್ನೇ ನೋಡುತ್ತಾ ನುಂಗಿದ.

"ಫೋನ್ ಕದ್ದಿದ್ದಾಳೆ ಅಂತ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ!"

"ಕೊಡಿ ಸಾರ್" ಎಂದಳು. ದನಿ ಏರಲಿಲ್ಲ. "ಯಾವ ಮನೇಲೈತೆ ಅಂತ ಬರ್ಸ್ತೀರ?"

ಅವನು ಕಾಲೋನಿಯವರ ಕಡೆ ತಿರುಗಿದ. ಒಂದು ಫೋನು ಕೊಡಿ, ಆಫೀಸಿಗೆ ಮಾಡಬೇಕು ಎಂದ. ಒಬ್ಬನದರಲ್ಲಿ ಚಾರ್ಜಿರಲಿಲ್ಲ. ಇನ್ನೊಬ್ಬನದರಲ್ಲಿ ಕರೆನ್ಸಿ ಇರಲಿಲ್ಲ. ಕೈಯಲ್ಲೇ ಫೋನು ಹಿಡಿದಿದ್ದ ಮತ್ತೊಬ್ಬ ಆಕಾಶ ನೋಡಿದ. ಕೊನೆಗೆ ಅನುಸೂಯಮ್ಮನಿಗೇ ಹೇಳಿದ: "ನೀನಾದ್ರೂ ಹೋಗಿ ತಂದ್ಕೊಡೇ."

"ನಾನ್ಯಾಕ್ ಓಗ್ಲಿ ಸಾಮಿ ದನದ್ ಕೊಟ್ಗೆಗೆ."

ಅಕ್ಕಿ ಡಬ್ಬಿಯ ಮೇಲೆ ಫೋನು ಬಡಿದುಕೊಂಡಿತು. ವೆಂಕಟೇಶಪ್ಪ ಎಂದು ಹೆಸರು ಬಂತು. ಅವಳು ಓದಿಕೊಂಡಳು, ಮುಟ್ಟಲಿಲ್ಲ. ಅದು ನಿಂತಿತು. ಮತ್ತೆ ಬಡಿದುಕೊಂಡಿತು. ರಾಜೇಂದ್ರ ಬಾಗಿಲ ಚೌಕಟ್ಟಿಗೆ ಕೈ ಊರಿದ. ಊರಿದ್ದು ಗೊತ್ತಾಗಿ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಬಿಸಿಲು ಅವನ ನೆತ್ತಿಯ ಮೇಲಿತ್ತು.

"ಅಕ್ಕ..." ಎಂದ, ಯಾರಿಗೂ ಕೇಳಿಸದ ಹಾಗೆ. "ಕೊಡಕ್ಕ. ಮನೆ ಅಂತಲೇ ಬರೀತೀನಿ."

"ನೋಡ್ದೆ ಎಂಗ್ ಬರೀತೀರ ಸಾರ್? ಬನ್ನಿ. ಬಾಗ್ಲು ತೆಗ್ದೇ ಐತೆ."

ಅವಳಿಗೆ ಹೆದರಿಕೆಯಾಗಲಿಲ್ಲ, ಖುಷಿಯೂ ಆಗಲಿಲ್ಲ. ಹಸಿವಾಗಿತ್ತು. ತನ್ನ ತಟ್ಟೆಯನ್ನು ಎಳೆದುಕೊಂಡಳು. ಅವಳು ಕೂತಲ್ಲಿಂದ ಬಾಗಿಲಲ್ಲಿ ಅವನ ಮೊಣಕಾಲಿನಿಂದ ಕೆಳಗೆ ಮಾತ್ರ ಕಾಣುತ್ತಿತ್ತು. ಎರಡು ಶೂಗಳು ಹೊಸ್ತಿಲಿನ ಆಚೆ ಅಲ್ಲಾಡದೆ ನಿಂತಿದ್ದವು. ಆಮೇಲೆ ಒಂದು ಕೈ ಕೆಳಗೆ ಬಂದು, ಒಂದು ಶೂವಿನ ಲೇಸನ್ನು ಬಿಚ್ಚಿ, ಇನ್ನೊಂದರ ಮೇಲೆ ಹಾಗೇ ನಿಂತುಬಿಟ್ಟಿತು.