ಗೇರ್ ಬಾಕ್ಸಿಗೆ ಮೂಗಿನ ನಳಿಕೆ

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಗೇರ್ ಬಾಕ್ಸ್ ಬಿಚ್ಚಿ ಜೋಡಿಸಿದವನಿಗೆ ಗೇರಣ್ಣ ಎಂದಲ್ಲದೆ ಇನ್ನೇನು ಹೆಸರಿಡುತ್ತಾರೆ? ನಿವೃತ್ತಿಯ ದಿನ ಹಾರ ಹಾಕುವಾಗ ಮ್ಯಾನೇಜರು ಕೂಡ ಹಾಗೇ ಕರೆದು ನಾಲಿಗೆ ಕಚ್ಚಿಕೊಂಡಿದ್ದರು. ಕೆಲಸಕ್ಕೆ ಯಾವ ಹೊಸಬ ಬಂದರೂ ಗೇರಣ್ಣ ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದೇ: ಗೇರ್ ಎಣ್ಣೆ ಬದಲಿಸುವಾಗ ಮೊದಲು ಪಕ್ಕದ ನಟ್ಟು, ಆಮೇಲೆ ತಳದ ನಟ್ಟು. ಪಕ್ಕದ್ದು ಎಣ್ಣೆ ತುಂಬುವ ಬಾಯಿ. ಅದು ಬಿಚ್ಚಿಕೊಳ್ಳುತ್ತದೆ ಎಂದು ಖಾತ್ರಿಯಾಗದೆ ತಳದ್ದನ್ನು ಬಿಚ್ಚಿ ಹಳೆಯ ಎಣ್ಣೆ ಇಳಿಸಿಬಿಟ್ಟರೆ ಗಾಡಿ ನಿಂತಲ್ಲೇ ನಿಂತಂತೆ. ಊಟಕ್ಕೆ ಕೂತಾಗಲೂ ಇದನ್ನೇ ಹೇಳಿ ಹೇಳಿ ಹೆಂಡತಿಗೂ ಬಾಯಿಪಾಠವಾಗಿತ್ತು.

ಅಂಥ ಗೇರಣ್ಣ ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ತನ್ನ ಇಪ್ಪತ್ತೆಂಟು ವರ್ಷದ ಕಾರಿನ ಕೆಳಗೆ ಅಂಗಾತ ಮಲಗಿ, ಮೊದಲು ತಳದ ನಟ್ಟು ಬಿಚ್ಚಿದ. ಎಣ್ಣೆಯೆಲ್ಲ ತಗಡಿನ ತಟ್ಟೆಗೆ ಇಳಿದ ಮೇಲೆ ಪಕ್ಕದ ನಟ್ಟಿಗೆ ಸ್ಪ್ಯಾನರ್ ಹಾಕಿದ. ಜಪ್ಪಯ್ಯ ಎಂದರೂ ಅದು ಅಲುಗಲಿಲ್ಲ. ಸೀಮೆಎಣ್ಣೆ ಬಿಟ್ಟ, ಸುತ್ತಿಗೆಯಿಂದ ತಟ್ಟಿದ, ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಜಗ್ಗಿದ. ಕೊನೆಗೆ ನಟ್ಟಿನ ಮೂಲೆಗಳು ಸವೆದು ದುಂಡಗಾಗಿ ಸ್ಪ್ಯಾನರ್ ಜಾರಿತು. ಕೆಲಸ ಕೆಟ್ಟಿತು ಎಂದುಕೊಂಡ. ಅದರ ಬೆನ್ನಿಗೇ ಇನ್ನೇನೋ ಅನ್ನಿಸಿತು, ಆದರೆ ಅದನ್ನು ಅವನು ತನಗೂ ಹೇಳಿಕೊಳ್ಳಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹೆಂಡತಿಯ ಡ್ರೈವಿಂಗ್ ಪರೀಕ್ಷೆಯಿತ್ತು. ಅಲ್ಲಿ ಗೇರು ನಯವಾಗಿ ಬೀಳಲಿ ಎಂದೇ ಅವನು ಎಣ್ಣೆ ಬದಲಿಸಲು ಹೊರಟಿದ್ದ. ಎರಡು ಸಲ ನಪಾಸಾಗಿ ಇದು ಮೂರನೆಯ ಸಲ. ಹಿಂದಿನೆರಡು ಸಲ ಡ್ರೈವಿಂಗ್ ಸ್ಕೂಲಿನ ಕಾರಿತ್ತು, ಈ ಸಲ ಅರ್ಜಿಯಲ್ಲಿ ಬರೆದಿದ್ದು ಇದೇ ಕಾರಿನ ನಂಬರು. ಹೋದ ವರ್ಷ ಕಣ್ಣಿನ ಡಾಕ್ಟರು ಗೇರಣ್ಣನಿಗೆ ಅಕ್ಕಪಕ್ಕದ ನೋಟ ಹೊರಟುಹೋಗಿದೆ, ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದಿದ್ದರು. ಕಾರನ್ನು ಮಾರಿಬಿಡಿ ಎಂದು ಮಗಳು ಹೇಳಿದಾಗ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ತಾನೇ ಕಲಿಯುತ್ತೇನೆ ಎಂದಳು. ಆಗ ಅವಳಿಗೆ ಐವತ್ತೊಂಬತ್ತು. ಈ ಸಲವೂ ಆಗದಿದ್ದರೆ ಅಳಿಯ ಬಂದು ಕಾರು ತೆಗೆದುಕೊಂಡು ಹೋಗಲಿ ಎಂದೂ ಅವಳೇ ಹೇಳಿದ್ದಳು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ.

ಸದ್ದು ಕೇಳಿ ಅವಳು ಹೊರಗೆ ಬಂದಳು. ಆಸ್ಪತ್ರೆಯ ವಾರ್ಡುಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಕಳೆದಿದ್ದ ಅವಳನ್ನು ಬೀದಿಯವರೆಲ್ಲ ಈಗಲೂ ನರ್ಸಮ್ಮ ಎಂದೇ ಕರೆಯುತ್ತಿದ್ದರು. ಗೇರಣ್ಣ ಕಾರಿನಡಿಯಿಂದ ತೆವಳಿ ಬಂದು, ಮುಖ ಸಪ್ಪೆ ಮಾಡಿಕೊಂಡು ನಡೆದದ್ದು ಹೇಳಿ, ಬೈಗುಳಕ್ಕೆ ಸಿದ್ಧನಾಗಿ ಕೂತ. ಬೈಗುಳ ಬರಲಿಲ್ಲ. ನರ್ಸಮ್ಮ ಬಗ್ಗಿ ಗೇರ್ ಬಾಕ್ಸನ್ನು ಹೊಸ ರೋಗಿಯನ್ನು ನೋಡುವಂತೆ ನೋಡಿ, ಇದಕ್ಕೆ ಇನ್ನೆಲ್ಲಾದರೂ ತೂತಿದೆಯೇ ಎಂದು ಕೇಳಿದಳು. ಮೇಲೆ ಸ್ಪೀಡೋಮೀಟರಿನ ವೈರು ಇಳಿಯುವ ಕಡೆ ಒಂದಿದೆ, ಆದರೆ ಕಿರುಬೆರಳಷ್ಟೂ ಅಗಲವಿಲ್ಲ ಎಂದು ಗೇರಣ್ಣ ಗೊಣಗಿದ.

"ಬಾಯಿ ಕಚ್ಕೊಂಡು ಮಲಗಿರೋರಿಗೆಲ್ಲ ಮೂಗಲ್ಲಿ ನಳಿಕೆ ಹಾಕಿ ಊಟ ಕೊಟ್ಟಿದೀನಿ ನಾನು. ಇದೇನು ಮಹಾ? ಆ ವೈರು ಬಿಚ್ಚಿ" ಎಂದಳು ಅವಳು.

ಆಮೇಲೆ ನಡೆದದ್ದು ರಿಪೇರಿಯೋ ಶುಶ್ರೂಷೆಯೋ ಹೇಳುವುದು ಕಷ್ಟ. ದಪ್ಪ ಎಣ್ಣೆ ನಳಿಕೆಯಲ್ಲಿ ಇಳಿಯುವುದಿಲ್ಲ ಎಂದು ನರ್ಸಮ್ಮ ಡಬ್ಬವನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ತೆಳ್ಳಗಾಗಿಸಿದಳು. ಬೀರುವಿನ ಮೇಲಿನ ಪೆಟ್ಟಿಗೆಯಿಂದ ನಳಿಕೆಯೂ ಐವತ್ತು ಮಿಲಿಯ ದೊಡ್ಡ ಸಿರಿಂಜೂ ಬಂದವು. ಈ ಗೇರ್ ಬಾಕ್ಸ್ ಹಿಡಿಸುವುದು ಎರಡು ಲೀಟರು, ಎಂದರೆ ನಲವತ್ತು ಸಲ ಒತ್ತಬೇಕು. ಗೇರಣ್ಣ ತಳದ ನಟ್ಟನ್ನು ಮತ್ತೆ ಬಿಗಿದು, ಮೇಲಿನ ವೈರು ಬಿಚ್ಚಿ, ಆ ತೂತಿಗೆ ಇಳಿಬಿಟ್ಟ ನಳಿಕೆಯನ್ನು ನೆಟ್ಟಗೆ ಹಿಡಿದು ಎಣಿಸುತ್ತ ನಿಂತ. ಬೇಗ ಬೇಗ ಒತ್ತು ಎಂದಿದ್ದಕ್ಕೆ, ಅವಸರ ಮಾಡಿದರೆ ರೋಗಿ ವಾಂತಿ ಮಾಡಿಕೊಳ್ಳುತ್ತಾನೆ ಎಂದು ಅವಳಿಂದ ಗದರಿಸಿಕೊಂಡ. ಮೂವತ್ತೊಂದು ವರ್ಷದ ಅನುಭವವೆಲ್ಲ ನಳಿಕೆ ಹಿಡಿಯುವ ಕೆಲಸಕ್ಕೆ ಬಂತಲ್ಲ ಎಂದು ಅವನಿಗೇ ನಗು ಬಂತು.

ಇಪ್ಪತ್ತಮೂರರ ಹೊತ್ತಿಗೆ ನರ್ಸಮ್ಮ ತಲೆಯೆತ್ತದೆ ಕೇಳಿದಳು: "ಒಂದ್ ಸಲಾನೂ ತಳದ್ದು ಮೊದಲು ಬಿಚ್ಚಿದೋರಲ್ಲ ನೀವು. ಇವತ್ತೇ ಯಾಕ್ರೀ ಹೀಗಾಯ್ತು?"

ಕಣ್ಣು ಮಂದವಾಯಿತು, ವಯಸ್ಸಾಯಿತು ಎಂದು ಹೇಳಲು ಗೇರಣ್ಣ ಬಾಯಿ ತೆರೆದ. ಹೇಳಿದ್ದರೆ ಅವಳು ನಂಬುತ್ತಿದ್ದಳು, ಇಲ್ಲವೇ ನಂಬಿದಂತೆ ಇರುತ್ತಿದ್ದಳು. ಅದೇ ಅವನಿಗೆ ನಾಚಿಕೆ ತಂದಿತು.

"ಬೇಕೂಂತ ಮಾಡ್ಲಿಲ್ಲ ಕಣೆ. ಆದ್ರೆ ಆ ನಟ್ಟು ಬರಲ್ಲ ಅಂತ ಗೊತ್ತಾದಾಗ ಒಂದು ಗಳಿಗೆ ಮನಸ್ಸಿಗೆ ಹಾಯ್ ಅನ್ನಿಸ್ತು. ನೀನು ಪಾಸಾದ್ರೆ ಆ ಡ್ರೈವರ್ ಸೀಟು ಇನ್ನು ನಂದಲ್ವಲ್ಲ."

ನರ್ಸಮ್ಮ ಸಿರಿಂಜು ತುಂಬಿದಳು, ನಿಧಾನವಾಗಿ ಒತ್ತಿದಳು.

"ಇಪ್ಪತ್ತನಾಲ್ಕು" ಎಂದಳು. ಮತ್ತೆ ಸಿರಿಂಜು ತುಂಬುತ್ತ, "ರಿಟೈರಾಗಿ ವಾರ್ಡಿನ ಬೀಗದ ಕೈ ಕೊಡೋ ದಿನ ನಾನು ಬಾತ್‌ರೂಮಲ್ಲಿ ಅತ್ತಿದ್ದೆ. ನಿಮಗೆ ಹೇಳಿರ್ಲಿಲ್ಲ" ಎಂದಳು.

ಗೇರಣ್ಣನಿಗೆ ಲೆಕ್ಕ ತಪ್ಪಿತು. ಮುಂದಿನದನ್ನೆಲ್ಲ ಅವಳೇ ಎಣಿಸಬೇಕಾಯಿತು.

ನರ್ಸಮ್ಮನೇ ಓಡಿಸಿ, ಗೇರಣ್ಣ ಪಕ್ಕದಲ್ಲಿ ಕೂತು, ಎರಡೂವರೆಗೆ ಪರೀಕ್ಷೆಯ ಮೈದಾನ ತಲುಪಿದರು. ತಳದಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಸರದಿ ಬಂದಾಗ ಪರೀಕ್ಷಾಧಿಕಾರಿ ಕಾರಿನೊಳಗೆ ಕೂತರು, ಗೇರಣ್ಣ ಇಳಿದು ಬೇಲಿಯ ಹೊರಗೆ ನಿಂತ. ಕಾರು ಹೊರಟಿತು. ಇಷ್ಟು ವರ್ಷದಲ್ಲಿ ಅವನು ತನ್ನ ಕಾರು ಓಡುವುದನ್ನು ಹೊರಗೆ ನಿಂತು ನೋಡಿಯೇ ಇರಲಿಲ್ಲ. ಯಾವಾಗಲೂ ಒಳಗೇ ಕೂತಿರುತ್ತಿದ್ದ. ಏರು ಹತ್ತುವಾಗ ಗೇರು ಮೂರರಿಂದ ಎರಡಕ್ಕೆ ಬಿದ್ದದ್ದು, ತಿರುವಿನಲ್ಲಿ ವೇಗ ತಗ್ಗಿದ್ದು, ಇಳಿಜಾರಿನಲ್ಲಿ ಗೇರು ಮತ್ತೆ ಮೂರಕ್ಕೆ ಹೋದದ್ದು ಅವನಿಗೆ ಕಿವಿಯಲ್ಲೇ ತಿಳಿಯಿತು. ಎಲ್ಲೂ ಮುಗ್ಗರಿಸಲಿಲ್ಲ. ಅವನ ಎಡಗೈ ಮಾತ್ರ ಸುಮ್ಮನಿರದೆ ಗಾಳಿಯಲ್ಲಿ ಗೇರು ಹಾಕುತ್ತಿತ್ತು.

ಸುತ್ತು ಮುಗಿದು ಅಧಿಕಾರಿ ಕೆಳಗಿಳಿದು ಕಾಗದದ ಮೇಲೆ ಪಾಸು ಎಂದು ಬರೆದರು. ನರ್ಸಮ್ಮ ಕಿಟಕಿಯಿಂದ ಕಾಗದ ಹೊರಚಾಚಿ ಅಲ್ಲಾಡಿಸಿದಳು. ಸರದಿಯಲ್ಲಿ ಅವರ ಹಿಂದೆಯೇ ನಿಂತಿದ್ದ ಲಾರಿ ಡ್ರೈವರೊಬ್ಬ ಗೇರಣ್ಣನ ಕಡೆ ವಾಲಿ, ಇಷ್ಟು ಹಳೆಯ ಗಾಡಿ ಇಷ್ಟು ನಯವಾಗಿ ಓಡುತ್ತಿದೆಯಲ್ಲ, ಯಾರದ್ದು ಎಂದು ಕೇಳಿದ.

ಗೇರಣ್ಣ ಬೇಲಿಯಿಂದ ಕೈ ತೆಗೆದು, ಎಣ್ಣೆ ಹತ್ತಿದ್ದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ನನ್ನ ಹೆಂಡತೀದು" ಎಂದ.